ಚಾವಿ ಪೋರ್ಚುಗೀಸ್ ಶಬ್ದ ಹೌದಾದ್ರೆ ಲಿಸ್ಬನ್ ಕಡೆಯವ 'ಶಾವ್' ಅಂತಾನೆ, ಗಲೀಸಿಯಾದವರು ನಮ್ಮ ಹಾಗೆ 'ಚ' ಹೇಳ್ತಾರೆ, ಯಾಕೆ?

ಕಾಳಿ ದಂಡೆಯವ (ಕಾರವಾರ)

ಎಲ್ಲರಿಗೂ ನಮಸ್ಕಾರ. ನಾನು ಕೋಡಿಬಾಗದವ, ಹಡಗಿನಲ್ಲಿ ಇಂಜಿನ್ ರೂಮ್ ಕೆಲಸ, ಹನ್ನೊಂದು ವರ್ಷ ಆಯ್ತು. ಈಗ ರಜೆಗೆ ಮನೆಗೆ ಬಂದಿದ್ದೇನೆ, ಒಂದು ಪ್ರಶ್ನೆ ಮಾತ್ರ ಹಡಗಿನಿಂದ ನನ್ನ ಜೊತೆನೇ ಇಳಿದು ಬಂದಿದೆ, ಭಾಷೆ ಬಲ್ಲವರು ಯಾರಾದ್ರೂ ಬಿಡಿಸಿ ಹೇಳಿ.

ಹೋದ ಕಾಂಟ್ರಾಕ್ಟಿನಲ್ಲಿ ನಮ್ಮ ಚೀಫ್ ಇಂಜಿನಿಯರ್ ಸ್ಪೇನ್ ದೇಶದವರು, ಆದ್ರೆ ಯಾರು ಕೇಳಿದ್ರೂ ಅವರ ಬಾಯಲ್ಲಿ ಮೊದ್ಲು ಬರ್ತಿದ್ದದ್ದು ಗಲೀಸಿಯಾ. ಸ್ಪೇನಿನ ವಾಯವ್ಯ ಮೂಲೆ, ಕೆಳಗೆ ಪೋರ್ಚುಗಲ್, ಪಶ್ಚಿಮಕ್ಕೂ ಉತ್ತರಕ್ಕೂ ಸಮುದ್ರ. ಊರು ವೀಗೊ, ದೊಡ್ಡ ಮೀನುಗಾರಿಕೆ ಬಂದರು, ಅದಕ್ಕೇ ನಾನು ಬೈತಖೋಲ್ ಬಂದರಿನ ಸುದ್ದಿ ಹೇಳಿದ್ರೆ ಕಿವಿ ಕೊಟ್ಟು ಕೇಳ್ತಿದ್ರು. ಒಂದಿನ ಪಂಪ್ ಬಿಚ್ಚಿ ಕೂತಿದ್ವಿ, ಅವರು ಅಡ್ಡ ಮಲಗಿ ಕೈ ಮಾತ್ರ ಹೊರಗೆ ಚಾಚಿ 'ಚಾವೆ, ಚಾವೆ' ಅಂದ್ರು. ಚಾವೆ ಅಂತಲೋ ಚಾಬೆ ಅಂತಲೋ, ವ ಮತ್ತೆ ಬ ನಡುವಿನ ಒಂದು ಶಬ್ದ. ನನಗೆ ಯೋಚನೆ ಮಾಡುದೇ ಬೇಕಾಗ್ಲಿಲ್ಲ, ಕಿಸೆಯಿಂದ ಸ್ಟೋರಿನ ಚಾವಿ ಗೊಂಚಲು ತೆಗೆದು ಆ ಎಣ್ಣೆ ಕೈಯಲ್ಲಿ ಇಟ್ಟೆ. ಅವರು ತಲೆ ಹೊರಗೆ ತಂದು ಗೊಂಚಲು ನೋಡಿದ್ರು, ನನ್ನ ಮುಖ ನೋಡಿದ್ರು, ಆಮೇಲೆ ನೆಲದ ಮೇಲಿದ್ದ ಪಾನಾ (ಸ್ಪ್ಯಾನರ್) ಕಡೆ ಬೆರಳು ಮಾಡಿದ್ರು. ಅವರಿಗೆ ಬೇಕಾದದ್ದು ಪಾನಾ. ಕೆಲಸ ಮುಗಿದ ಮೇಲೆ ಕರೆದು ಕೇಳಿದ್ರು, ನನ್ನ ಭಾಷೆ ನಿನಗೆ ಎಲ್ಲಿಂದ ಬಂತು ಅಂತ. ನಮ್ಮ ಮನೇಲಿ ಇದಕ್ಕೆ ಚಾವಿ ಅಂತೀವಿ ಅಂದೆ. ಅವರು ಒಂದು ನಿಮಿಷ ಮಾತೇ ಆಡ್ಲಿಲ್ಲ.

ಅದೇ ಹಡಗಿನಲ್ಲಿ ಫಿಟ್ಟರ್ ಒಬ್ಬ ಇದ್ದ, ಲಿಸ್ಬನ್ ಹತ್ತಿರದವ. ಅವನು ಅದೇ ಶಬ್ದ 'ಶಾವ್' ಅಂತಿದ್ದ, ಕೊನೆಯ ಸ್ವರ ಕೇಳುದೇ ಇಲ್ಲ. ಬರೆಯುದು ಇಬ್ಬರೂ ಒಂದೇ ತರ, ಅಕ್ಷರಕ್ಕೆ ಅಕ್ಷರ. ನಮ್ಮ ಕಡೆ ಬಂದು ವ್ಯಾಪಾರ ಮಾಡಿದವರು, ಕೋಟೆ ಕಟ್ಟಿದವರು, ಗೋವಾ ಆಳಿದವರು ಪೋರ್ಚುಗೀಸರು, ಗಲೀಸಿಯಾದವರಲ್ಲ. ಹಾಗಾದ್ರೆ ನಮ್ಮ ಚಾವಿ ಪೋರ್ಚುಗೀಸರ ಹಾಗೆ 'ಶಾವಿ' ಆಗ್ಬೇಕಿತ್ತಲ್ಲ? ಗಲೀಸಿಯಾದವರ ಬಾಯಿಗೂ ನಮ್ಮ ಬಾಯಿಗೂ ಎಲ್ಲಿಯ ಸಂಬಂಧ? ಮತ್ತೆ ಪಾನಾಕ್ಕೂ ಚಾವಿಗೂ ಒಂದೇ ಹೆಸರು ಹೇಗಾಯ್ತು?

ಘಟ್ಟದ ಮೇಲಿನ ಮಾಸ್ತರು (ಶಿರಸಿ)

ತಮಾ, ಪ್ರಶ್ನೆ ಓದಿ ಖುಷಿ ಆಯ್ತು. ಶ, ಚ ವಿಷಯ ಆ ಕಡೆ ಇದ್ದವರು ಹೇಳಲಿ, ನಾನು ಬೇರಿನಿಂದ ಹಿಡೀತೇನೆ.

ಮೂಲ ಲ್ಯಾಟಿನ್, 'ಕ್ಲಾವಿಸ್', ಅಂದ್ರೆ ಬೀಗದ ಕೈ. ಅದರ ಅಕ್ಕತಂಗಿ ಶಬ್ದ 'ಕ್ಲಾವುಸ್', ಅಂದ್ರೆ ಮೊಳೆ. ಮುಚ್ಚುದಕ್ಕೆ 'ಕ್ಲಾಉದೆರೆ'. ಮೊದಮೊದಲು ಬಾಗಿಲು ಭದ್ರ ಮಾಡುದು ಅಂದ್ರೆ ಒಂದು ಗೂಟ ಜಡಿಯುದು, ಅಲ್ದಾ. ನಮ್ಮ 'ಕೀಲಿ'ಯೂ ಸಂಸ್ಕೃತದ 'ಕೀಲ'ದಿಂದ ಬಂದದ್ದು, ಅದೂ ಗೂಟ, ಬೆಣೆ. ಎರಡು ಕಡೆ ಜನ ಬೇರೆ ಬೇರೆಯಾಗಿ ಅದೇ ದಾರಿ ಹಿಡಿದಿದ್ದಾರೆ. ಕೀಲ, ಕ್ಲಾವಿಸ್ ಕೇಳಲಿಕ್ಕೆ ಹತ್ತಿರ ಇವೆ ಅಂತ ಎರಡನ್ನೂ ಒಂದೇ ಬೇರಿಗೆ ಕಟ್ಟುದು ಬೇಡ, ಅರ್ಥ ಬೆಳೆದ ರೀತಿ ಒಂದೇ, ಅಷ್ಟೇ.

ಈಗ 'ಕ್ಲಾ' ಹೋಗಿ 'ಚಾ' ಹೇಗಾಯ್ತು? ಗಲೀಸಿಯನ್ ಮತ್ತು ಪೋರ್ಚುಗೀಸ್ ಹಿಂದೆ ಒಂದೇ ಭಾಷೆ. 12ನೇ ಶತಮಾನದಲ್ಲಿ ಪೋರ್ಚುಗಲ್ ಬೇರೆ ರಾಜ್ಯ ಆಯ್ತು, ಉತ್ತರದ ಗಲೀಸಿಯಾ ಮುಂದೆ ಕ್ಯಾಸ್ಟೀಲ್ ರಾಜರ ಕೈಯಲ್ಲಿ ಉಳೀತು, ಆದ್ರೂ 13ನೇ ಶತಮಾನದ ಪ್ರೇಮಗೀತೆಗಳನ್ನ ಎರಡೂ ಕಡೆಯವರು ಒಂದೇ ಭಾಷೆಯಲ್ಲಿ ಕಟ್ಟಿ ಹಾಡ್ತಿದ್ರು. ಆ ಹಳೇ ಭಾಷೆಯ ಗುರುತೇ ಇದು: ಲ್ಯಾಟಿನ್ ಶಬ್ದದ ಶುರುವಿಗೆ ಪ್ಲ, ಕ್ಲ, ಫ್ಲ ಇದ್ರೆ ಮೂರೂ 'ಚ' ಆಗ್ತವೆ. ಪ್ಲುವಿಯಾ ಅಂದ್ರೆ ಮಳೆ, ಅದು 'ಚುವ' ಆಯ್ತು. ಫ್ಲಾಮ್ಮಾ, ಬೆಂಕಿ ನಾಲಿಗೆ, ಅದು 'ಚಾಮ'. ಕ್ಲಾಮಾರೆ ಅಂದ್ರೆ ಕೂಗಿ ಕರೆಯುದು, ಅದು 'ಚಾಮಾರ್'. ಅದೇ ಪ್ರಕಾರ ಕ್ಲಾವಿಸ್ 'ಚಾವೆ' ಆಯ್ತು. ಸ್ಪ್ಯಾನಿಷ್‌ನಲ್ಲಿ ಇದೇ ಜಾಗಕ್ಕೆ ಲ್ಯ ಬರ್ತದೆ, ಅವರಿಗೆ ಬೀಗದ ಕೈ 'ಲ್ಯಾವೆ'. ಇಟಲಿಯಲ್ಲಿ 'ಕ್ಯಾವೆ'. ಫ್ರೆಂಚರು ಮಾತ್ರ 'ಕ್ಲೆ' ಅಂತ ಹಳೇ ಕ್ಲ ಇಟ್ಕಂಡಿದ್ದಾರೆ.

ನಮ್ಮಲ್ಲಿ ಹಳಗನ್ನಡದ ಪಾಲ್ ಹಾಲಾಗಿ, ಪೂ ಹೂವಾಗಿ, ಪುಲಿ ಹುಲಿಯಾದದ್ದು ಇದೇ ತರದ ಕೆಲಸ. ಒಂದು ಶಬ್ದಕ್ಕೆ ಮಾತ್ರ ಆಗುದಲ್ಲ, ಸಾಲಿಗೆ ಸಾಲೇ ತಿರುಗ್ತದೆ. ಮತ್ತೆ ಪತ್ರ, ಪುಸ್ತಕ, ಪುಣ್ಯ ಇಂಥ ಸಂಸ್ಕೃತ ಶಬ್ದಕ್ಕೆ ಆ ಗಾಳಿ ತಾಗಲಿಲ್ಲ ನೋಡು, ಅಲ್ಲೂ ಹಾಗೇ. ಪಂಡಿತರು ಲ್ಯಾಟಿನ್ ಪುಸ್ತಕದಿಂದ ನೇರ ಎತ್ಕಂಡ ಶಬ್ದದಲ್ಲಿ ಕ್ಲ ಹಾಗೇ ಉಳಿದಿದೆ. ಕತ್ತಿನ ಕೆಳಗಿನ ಅಡ್ಡ ಎಲುಬಿಗೆ ಅವರು 'ಕ್ಲಾವಿಕುಲಾ' ಅಂತಾರೆ, ಅಂದ್ರೆ ಸಣ್ಣ ಚಾವಿ. ನಮ್ಮ ಡಾಕ್ಟ್ರು ಎಕ್ಸ್‌ರೇ ನೋಡಿ 'ಕ್ಲಾವಿಕಲ್ ಮುರಿದಿದೆ' ಅನ್ನುವಾಗ ಅವರ ಬಾಯಲ್ಲೂ ಒಂದು ಚಾವಿ ಇರ್ತದೆ.

ಇನ್ನೊಂದು ಹೇಳದೇ ಇರಲಿಕ್ಕೆ ಆಗ್ತಾ ಇಲ್ಲೆ. ಕನ್ನಡದಲ್ಲಿ ನಾವು ಇದಕ್ಕೆ ಸ್ವಂತದ್ದು ಅಂತ ಮಾಡ್ಕಂಡ ಹೆಸರು ಬೀಗದ ಕೈ, ಕೀಲಿಕೈ. ಬೀಗಕ್ಕೆ ಒಂದು ಕೈ ಕೊಟ್ಟಿದ್ದಾರೆ ನಮ್ಮ ಹಿರಿಯರು. ಅಷ್ಟು ಚಂದದ ಶಬ್ದ ಇಟ್ಕಂಡೂ ನಮ್ಮ ಮನೇಲಿ ಆಯಿ ದಿನಾ ಹೇಳ್ತಿದ್ದದ್ದು ಚಾವಿ ಅಂತಲೇ. ಸೊಂಟಕ್ಕೆ ಸಿಕ್ಕಿಸಿದ ಗೊಂಚಲಲ್ಲಿ ಐದು ಚಾವಿ, ಅದರಲ್ಲಿ ಒಂದು ಗೇಣುದ್ದ, ಅಡಿಕೆ ಇಡುವ ಕೋಣೆಯದ್ದು. ಅದರ ಸಪ್ಪಳ ಕೇಳಿದ್ರೆ ಆಯಿ ಯಾವ ಒಳದಲ್ಲಿ ಇದ್ದಾಳೆ ಹೇಳಿ ಗೊತ್ತಾಗ್ತಿತ್ತು.

ಹಳಿಯಾಳದಿಂದ

ಮಾಸ್ತರ್ರೆ ಎಲ್ಲಾ ಸರಿ, ಆದ್ರೆ ಚಾವಿ ನಮಗೆ ಮರಾಠಿಯಿಂದ ಬಂದದ್ದು ಅಲ್ವಾ? ನಮ್ಮ ಕಡೆ ಕುಲೂಪು (ಬೀಗ), ಚಾವಿ, ಪಾನಾ ಎಲ್ಲಾ ಮರಾಠಿಯವೇ. ಉತ್ತರ ಕನ್ನಡ 1862ರಿಂದ 1956ರ ತನಕ ಮುಂಬೈಗೆ ಸೇರಿತ್ತು, ಕಚೇರಿ, ಸಾಲೆ, ವ್ಯಾಪಾರ ಎಲ್ಲಾ ಆ ಕಡೆಯ ಸಂಪರ್ಕ. ಸಮುದ್ರದ ಬದಿಗೆ ಇರೋರು ಸಿಕ್ಕಿದ್ದಕ್ಕೆಲ್ಲಾ ಪೋರ್ಚುಗೀಸ್ ಅಂತೀರಿ, ಅದು ನನಗೆ ಒಪ್ಪಿಗೆ ಆಗೋದಿಲ್ಲ. ಕುಲೂಪು ಮೂಲದಲ್ಲಿ ಅರಬ್ಬಿಯ 'ಕುಫ್ಲ್', ಅದಕ್ಕೂ ಪೋರ್ಚುಗೀಸ್ ಅಂತ ಹೇಳಿದವರನ್ನ ನಾನು ನೋಡಿದೇನೆ.

ಘಟ್ಟದ ಮೇಲಿನ ಮಾಸ್ತರು (ಶಿರಸಿ)

ನೀವು ಹೇಳಿದ್ದು ಸುಳ್ಳಲ್ಲ. ಘಟ್ಟದ ಮೇಲೆ, ಹಳಿಯಾಳ, ಧಾರವಾಡ ಕಡೆಗೆ ಚಾವಿ ಮರಾಠಿ ಬಾಯಿಂದಲೇ ಬಂದಿರಬಹುದು, ಕರಾವಳಿಗೆ ಕೊಂಕಣಿ ಬಾಯಿಂದ. ಆದ್ರೆ ಮರಾಠಿಗೆ ಎಲ್ಲಿಂದ ಬಂತು? ಮುಂಬೈ ಹತ್ತಿರದ ವಸಯಿ 1534ರಿಂದ 1739ರ ತನಕ ಪೋರ್ಚುಗೀಸರ ಕೈಯಲ್ಲಿತ್ತು, ಎರಡು ನೂರು ವರ್ಷ. ಗುಜರಾತಿಯಲ್ಲೂ ಚಾವಿ, ತಮಿಳಿನಲ್ಲಿ ಸಾವಿ, ಹಿಂದಿ ಬಂಗಾಲಿಯಲ್ಲಿ ಚಾಬಿ. ಅವರು ಅಂಗಡಿ ಹಾಕಿದ ಬಂದರಿನ ಸುತ್ತಲೆಲ್ಲಾ ಈ ಶಬ್ದ ಹರಡಿದೆ. ಸಂಸ್ಕೃತದ 'ಕುಂಚಿಕಾ'ದಿಂದ ಬಂದದ್ದು ಹಿಂದಿಯ ಕುಂಜಿ, ಅದು ಬೇರೆ ಶಬ್ದ.

ಬೇಕಾದ್ರೆ ಕೊನೆಯ ಸ್ವರ ನೋಡಿ. ಅವರ 'ಪಾದ್ರೆ' ನಮ್ಮ ಪಾದ್ರಿ. ಅವರ 'ಮೆಸ್ತ್ರೆ' ನಮ್ಮ ಮೇಸ್ತ್ರಿ. 'ಬಾಲ್ದೆ' ನಮ್ಮ ಬಾಲ್ದಿ. 'ಚಾವೆ' ನಮ್ಮ ಚಾವಿ. ಎಕಾರ ಇದ್ದಲ್ಲೆಲ್ಲಾ ನಮಗೆ ಇಕಾರ, ಒಂದೇ ಅಚ್ಚು. ಗೋವಾದ ದಲ್ಗಾದೋ ಪಾದ್ರಿಯವರು 1913ರಲ್ಲೇ ಏಷ್ಯಾದ ಭಾಷೆಗಳಿಗೆ ಹೋದ ಪೋರ್ಚುಗೀಸ್ ಶಬ್ದಗಳನ್ನ ಒಟ್ಟುಮಾಡಿ ಪುಸ್ತಕ ತಂದಿದ್ದಾರೆ, ಇದು ನಿನ್ನೆ ಮೊನ್ನೆ ಹುಟ್ಟಿದ ಮಾತಲ್ಲ. ಕುಲೂಪಿನ ವಿಷಯದಲ್ಲಿ ನಿಮ್ಮದು ನೂರಕ್ಕೆ ನೂರು ಸರಿ, ಅದು ಅರಬ್ಬಿ.

ಕಾಜುಬಾಗ ಅಕ್ಕ

ನಮ್ಮದು ಕ್ರಿಶ್ಚನ್ ಮನೆ, ಕೊಂಕಣಿ ಮಾತಾಡುದು, ನನ್ನ ತಾಯಿ ಗೋವಾದ ಕಾಣಕೋಣದವರು, ಗಡಿ ದಾಟಿದ್ರೆ ಅಜ್ಜಿ ಮನೆ. ನನಗೆ ಈ ಪುರಾವೆ ಎಲ್ಲಾ ಗೊತ್ತಿರ್ಲಿಲ್ಲ ಆದ್ರೆ ಚಾವಿಯ ಜೊತೆಗೆ ಒಂದು ಹೇಳ್ಬೇಕು, ಜನೆಲ. ನಾವು ಕಿಟಕಿ ಅನ್ನುದಿಲ್ಲ, ಜನೆಲ ಅಂತೇವೆ. ಪೋರ್ಚುಗೀಸಿನಲ್ಲಿ ಅದು 'ಜನೆಲ', ಗಲೀಸಿಯನ್‌ನಲ್ಲಿ 'ಶನೆಲ'. ಅದರ ಮೂಲ ಲ್ಯಾಟಿನ್ 'ಯಾನುವಾ', ಅಂದ್ರೆ ಬಾಗಿಲು, ಅದಕ್ಕೆ ಸಣ್ಣದು ಅನ್ನುವ ಪ್ರತ್ಯಯ ಸೇರಿ ಸಣ್ಣ ಬಾಗಿಲು ಆಯ್ತು. ಬಾಗಿಲಿಗೆ ಒಬ್ಬ ದೇವರು ಇದ್ದ ರೋಮನರಿಗೆ, ಯಾನುಸ್, ಹಿಂದೆ ಒಂದು ಮುಖ ಮುಂದೆ ಒಂದು ಮುಖ, ಅವನ ಹೆಸರಿನದ್ದೇ ಜನವರಿ ತಿಂಗಳು. ಅಂದ್ರೆ ನಮ್ಮ ಜನೆಲ ಮತ್ತೆ ಗೋಡೆಯ ಕ್ಯಾಲೆಂಡರಿನ ಜನವರಿ ಒಂದೇ ಬಳ್ಳಿಯವು. ಇದನ್ನ ಓದಿದ ದಿನ ನಾನು ಎದ್ದು ಹೋಗಿ ಜನೆಲ ಮುಟ್ಟಿ ನೋಡಿದ್ದೇನೆ, ಹಳೇ ಮರದ್ದು, ಮಧ್ಯ ಗಾಜಿನ ಬದಲು ಚಿಪ್ಪು ಕೂರಿಸಿದ್ದು, ಮಧ್ಯಾಹ್ನದ ಬಿಸಿಲು ಹಾಲಿನ ಹಾಗೆ ಒಳಗೆ ಇಳೀತದೆ.

ಚಾವಿ ವಿಷಯಕ್ಕೆ ಬಂದ್ರೆ ಇಗರ್ಜಿಯಲ್ಲಿ ಸಂತ ಪೇತ್ರನ ಮೂರ್ತಿ ನೋಡಿ, ಕೈಯಲ್ಲಿ ಚಾವಿ ಇದ್ದೇ ಇರ್ತದೆ, ಸ್ವರ್ಗದ ಚಾವಿ. 2025ರ ಮೇ ತಿಂಗಳಲ್ಲಿ ಹೊಸ ಪೋಪ್ ಆರಿಸುವಾಗ ಟಿವಿಯಲ್ಲಿ ಕಾನ್‌ಕ್ಲೇವ್ ಕಾನ್‌ಕ್ಲೇವ್ ಅಂತ ಕೇಳಿದ್ರಲ್ಲ, ಅದೂ ಇದೇ 'ಕ್ಲಾವಿಸ್'. ಕುಮ್ ಕ್ಲಾವೆ, ಚಾವಿ ಹಾಕಿದ ಕೋಣೆ. ಪೋಪ್ ಆರಿಸುವ ತನಕ ಕಾರ್ಡಿನಲ್‌ಗಳನ್ನ ಹೊರಗೆ ಬಿಡುದಿಲ್ಲ.

ಕುಮಟೆ ಹುಡ್ಗ, ಈಗ ಪೋರ್ತೊ

ಕಾಳಿ ದಂಡೆ ಅಣ್ಣಾ, ನಿಮ್ಮ ಅಸಲಿ ಪ್ರಶ್ನೆಗೆ ನಾನು ಹೇಳ್ತೆ, ಐದು ವರ್ಷ ಆಯ್ತು ಪೋರ್ಚುಗಲ್‌ನಲ್ಲಿ ಇದ್ದು, ಇದೇ ಪ್ರಶ್ನೆ ನನ್ನನ್ನೂ ಸುಮ್ನೆ ಬಿಟ್ಟಿಲ್ಲ.

ಈಗ ಪೋರ್ಚುಗೀಸರು ಹೇಳುದು ನೋಡಿ ಲೆಕ್ಕ ಹಾಕುದೇ ತಪ್ಪು. ವಾಸ್ಕೋ ಡ ಗಾಮನ ಹಡಗು ಕಾರವಾರದ ಎದುರಿನ ಅಂಜದೀವಿ ದ್ವೀಪಕ್ಕೆ ಬಂದದ್ದು 1498, ಪೋರ್ಚುಗೀಸ್ ವೈಸರಾಯ್ ಅಲ್ಮೇಡಾ ಅಲ್ಲಿ ಕೋಟೆ ಕಟ್ಟಿದ್ದು 1505, ನಮ್ಮ ಹೊನ್ನಾವರದ ತಿಮ್ಮಯ್ಯನ ಸಹಾಯದಿಂದ ಆಲ್ಬುಕರ್ಕ್ ಗೋವಾ ಹಿಡಿದದ್ದು 1510. ಆ ಕಾಲದಲ್ಲಿ ಲಿಸ್ಬನ್ನಿನವರೂ 'ಚಾವೆ' ಅಂತಲೇ ಹೇಳ್ತಿದ್ರು, ಗಟ್ಟಿ ಚ. ಅವರ ಲಿಪಿಯಲ್ಲಿ ಚಕಾರಕ್ಕೆ ಒಂದು ಬರಹ, ಶಕಾರಕ್ಕೆ ಬೇರೆ ಬರಹ, ಯಾಕಂದ್ರೆ ಎರಡು ಬೇರೆ ಬೇರೆ ಉಚ್ಚಾರ ಇದ್ದವು. 17ನೇ ಶತಮಾನದಿಂದ ಈಚೆಗೆ ದಕ್ಷಿಣದಲ್ಲಿ, ಲಿಸ್ಬನ್ ಕಡೆ, ಚ ಮೆತ್ತಗಾಗಿ ಶ ಆಗ್ತಾ ಬಂತು, ರಾಜಧಾನಿಯ ಮಾತು ಅಂದ್ಮೇಲೆ ಅದೇ ಶುದ್ಧ ಅಂತಾಯ್ತು, ಬ್ರೆಜಿಲ್‌ನಲ್ಲೂ ಶ. ಬರಹ ಮಾತ್ರ ಹಳೇದೇ ಉಳೀತು. ಆದ್ರೆ ಗಲೀಸಿಯಾ ಅಷ್ಟೊತ್ತಿಗೆ ಬೇರೆ ದೇಶದ ಕೈಕೆಳಗೆ, ಲಿಸ್ಬನ್ನಿನ ಗಾಳಿ ಅಲ್ಲಿಗೆ ಬೀಸಲಿಲ್ಲ. ಅವರದ್ದು ಇವತ್ತೂ ಚ.

ನಮ್ಮದೂ ಹಾಗೇ. ಅವರು ಚ ಹೇಳುವ ಕಾಲಕ್ಕೆ ನಾವು ಶಬ್ದ ತಗೊಂಡ್ವಿ, ಆಮೇಲೆ ಅವರ ಊರಲ್ಲಿ ಏನು ಬದಲಾಯ್ತು ಅನ್ನುದು ನಮ್ಮ ಅಡುಗೆ ಮನೆಗೆ ಹೇಗೆ ಗೊತ್ತಾಗ್ಬೇಕು? ಹಾಗಾಗಿ ನಿಮ್ಮ ಚೀಫ್ ಮತ್ತೆ ನಿಮ್ಮ ನಡುವೆ ನೇರ ಸಂಬಂಧ ಇಲ್ಲ, ಇಬ್ಬರೂ ಒಂದೇ ಹಳೇ ಉಚ್ಚಾರ ಇಟ್ಕಂಡಿದ್ದೀರಿ, ಇಟ್ಕಂಡ ಊರು ಬೇರೆ ಬೇರೆ. ನನಗೆ ಇದಕ್ಕಿಂತ ದೊಡ್ಡ ಪುರಾವೆ ಗೋವಾದ ಚೊರೀಸ್, ಹಂದಿ ಮಾಂಸದ ಸಾಸೇಜ್, ಕಾಜುಬಾಗ ಅಕ್ಕನಿಗೆ ಗೊತ್ತಿರ್ತದೆ. ಇಲ್ಲಿ ಅಂಗಡಿಯಲ್ಲಿ ನಾನು ಚೊರೀಸ್ ಅಂದ್ರೆ 'ಶೋರೀಸು' ಅಂತ ತಿದ್ದಿ ಕೊಡ್ತಾರೆ. ಗಲೀಸಿಯಾದಲ್ಲಿ ಅದೂ ಚ.

ಹಿಂದಿಯ ಚಾಬಿಯ ಬ ನೋಡಿ ಗಲೀಸಿಯಾಕ್ಕೆ ಗಂಟು ಹಾಕ್ಬೇಡಿ ಮತ್ತೆ. ಬಂಗಾಲಿ ಬಾಯಲ್ಲಿ ವ ಇದ್ದದ್ದೆಲ್ಲಾ ಬ ಆಗ್ತದೆ, ಅದು ಅವರ ಭಾಷೆಯದ್ದೇ ರೀತಿ.

ಪೋರ್ಚುಗಲ್‌ನ ಒಳಗೂ ಚ ಪೂರ್ತಿ ಸತ್ತಿಲ್ಲ. ಈಶಾನ್ಯದ ಗುಡ್ಡಗಾಡು, ತ್ರಾಸ್ ಉಸ್ ಮೋಂತಿಸ್ ಅಂತಾರೆ, ಬೆಟ್ಟದ ಆಚೆ ಅಂತ ಅರ್ಥ, ನಮ್ಮ ಘಟ್ಟದ ಮೇಲೆ ಅಂದ ಹಾಗೆ. ಅಲ್ಲಿಯ ಹಳ್ಳಿಗಳಲ್ಲಿ ಮುದುಕರು ಇನ್ನೂ ಚ ಹೇಳ್ತಾರೆ. ಅಲ್ಲೇ ಗಲೀಸಿಯಾ ಗಡಿ ಹತ್ತಿರ ಒಂದು ಊರಿನ ಹೆಸರೇ 'ಶಾವಿಸ್', ಬರೆಯುದು ಚಾವಿಗಳು ಅಂತ. ನಾನು ಬಸ್ಸು ಹತ್ತಿ ಹೋದದ್ದೇ ಆ ಹೆಸರಿಗಾಗಿ. ಹೋಗಿ ನೋಡಿದ್ರೆ ಊರಿನ ಹೆಸರಿಗೂ ಬೀಗಕ್ಕೂ ಸಂಬಂಧವೇ ಇಲ್ಲ! ಅಲ್ಲಿ ಬಿಸಿನೀರಿನ ಬುಗ್ಗೆ ಇದೆ, ರೋಮನರು ಫ್ಲಾವಿಯಾ ವಂಶದ ಚಕ್ರವರ್ತಿ ವೆಸ್ಪಾಸಿಯನ್ ಕಾಲದಲ್ಲಿ 'ಆಕ್ವೆ ಫ್ಲಾವಿಯೆ' ಅಂತ ಹೆಸರಿಟ್ರು, ಫ್ಲಾವಿಯಾದವರ ನೀರು ಅಂತ. ಮಾಸ್ತರು ಹೇಳಿದ್ರಲ್ಲ, ಫ್ಲ ಹೋಗಿ ಚ, ಅದೇ ನಿಯಮದಲ್ಲಿ ಫ್ಲಾವಿಯಿಸ್ ತಿರುಗಿ ಚಾವಿಸ್ ಆಗಿ ಕೂತಿದೆ. ರೋಮನ್ ಸೇತುವೆ ಇನ್ನೂ ಇದೆ, ಅದರ ಮೇಲೆ ನಿಂತು ಈ ಸುದ್ದಿ ಓದಿದಾಗ ಮೈ ಜುಮ್ ಅಂತು.

ಪಾನಾ ವಿಷಯ: ಇಲ್ಲಿ ತಿರುಗಿಸಿ ಬಿಚ್ಚುವ, ಬಿಗಿ ಮಾಡುವ ಸಾಮಾನಿಗೆಲ್ಲಾ ಚಾವಿನೇ. ಪಾನಾಕ್ಕೆ 'ಇಂಗ್ಲಿಷ್ ಚಾವಿ', ಗಲೀಸಿಯನ್‌ನಲ್ಲೂ ಅದೇ. ಸ್ಕ್ರೂ ಡ್ರೈವರಿಗೆ ಪೋರ್ಚುಗಲ್‌ನಲ್ಲಿ 'ಸೀಳಿನ ಚಾವಿ', ಸ್ಕ್ರೂ ತಲೆಯ ಸೀಳು. ಕುಸ್ತಿಯಲ್ಲಿ ಕೈ ತಿರುಚಿ ಹಿಡಿದ್ರೆ 'ತೋಳಿನ ಚಾವಿ'. ಲಾಟರಿ ಗೆದ್ದ ನಂಬರುಗಳ ಗುಂಪಿಗೂ ಚಾವಿ. ಬ್ರೆಜಿಲ್‌ನಲ್ಲಿ 2020ರ ನವೆಂಬರಿನಲ್ಲಿ ಪಿಕ್ಸ್ ಅಂತ ನಮ್ಮ ಯುಪಿಐ ತರದ್ದು ಶುರುವಾಯ್ತು, ಅಲ್ಲಿ ದುಡ್ಡು ಹಾಕ್ಬೇಕಾದ್ರೆ ಮೊದ್ಲು ಕೇಳುದು ನಿನ್ನ ಪಿಕ್ಸ್ ಚಾವಿ ಯಾವುದು ಅಂತ. ಮೊಬೈಲ್ ನಂಬರೇ ಚಾವಿ.

ಹಳಿಯಾಳದಿಂದ

ಚೊರೀಸಿನ ಮಾತು ನನಗೆ ಹಿಡಿಸ್ತು, ಅದು ಮರಾಠಿಯಿಂದ ಬಂದದ್ದು ಅಂತ ನಾನೂ ಹೇಳಲಾರೆ. ಎಕಾರ ಇಕಾರದ ಸಾಲೂ ಸರಿ ಕಾಣ್ತದೆ. ಚಾವಿ ಪೋರ್ಚುಗೀಸರದ್ದು, ಹಳಿಯಾಳಕ್ಕೆ ತಂದು ಮುಟ್ಟಿಸಿದ್ದು ಮರಾಠಿ, ಹೀಗೆ ಅಂದ್ರೆ ನನ್ನ ಒಪ್ಪಿಗೆ ಇದೆ. ನಮ್ಮಲ್ಲಿ ಗಡಿಯಾರಕ್ಕೆ ಚಾವಿ ಕೊಡು ಅಂತಾರೆ, ಒಬ್ಬರಿಗೆ ಹೇಳಿಕೊಟ್ಟು ಜಗಳಕ್ಕೆ ಬಿಟ್ರೂ ಚಾವಿ ಕೊಟ್ಟು ಬಿಟ್ಟಾನ ಅಂತಾರೆ. ತಿರುಗಿಸೋದೇ ಮುಖ್ಯ ಅಂದ್ರಲ್ಲ ಕುಮಟೆಯವರು, ಅದಕ್ಕೆ ಇದೂ ಸೇರ್ತದೆ.

ಕಾಳಿ ದಂಡೆಯವ (ಕಾರವಾರ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ನಿನ್ನೆ ರಾತ್ರಿ ಪೂರ್ತಿ ಕೂತು ಎರಡು ಸಲ ಓದಿದೆ. ಅಂಜದೀವು ನಮ್ಮ ಕಣ್ಣೆದುರಿಗಿನ ದ್ವೀಪ, ಈಗ ನೌಕಾನೆಲೆಯೊಳಗೆ ಹೋಗಿದೆ, 1961ರ ಡಿಸೆಂಬರ್ ತನಕ ಪೋರ್ಚುಗೀಸರ ಕೈಯಲ್ಲೇ ಇತ್ತು. ಅದನ್ನ ನೋಡಿ ನೋಡಿ ಬೆಳೆದವ ನಾನು, ಅಲ್ಲಿ ಇಳಿದವರ ಬಾಯಿಯ ಚ ನಮ್ಮ ಮನೇಲಿ ಉಳಿದಿದೆ ಅನ್ನುದು ಒಮ್ಮೆಯೂ ಹೊಳೆದಿರ್ಲಿಲ್ಲ.

ಇವತ್ತು ಬೆಳಿಗ್ಗೆ ಇದನ್ನೆಲ್ಲಾ ನನ್ನ ಹರಕು ಮುರುಕು ಸ್ಪ್ಯಾನಿಷಿನಲ್ಲಿ ಚೀಫ್‌ಗೆ ಬರೆದು ಕಳ್ಸಿದೆ. ಮಧ್ಯಾಹ್ನ ವಾಯ್ಸ್ ಮೆಸೇಜ್ ಬಂತು, ಅವರ ಮನೆಯಿಂದ. ಅವರ ತಾಯಿಗೆ ಎಂಬತ್ತರ ಮೇಲೆ, ಗಲೀಸಿಯನ್ ಬಿಟ್ರೆ ಬೇರೆ ಮಾತಾಡಲಿಕ್ಕೆ ಮನಸ್ಸಿಲ್ಲದವರು. ಅವರ ಹತ್ರ ಹೇಳಿಸಿದ್ದಾರೆ, 'ಚಾವೆ', ಮತ್ತೆ 'ಶನೆಲ', ಮತ್ತೆ 'ಚುವ', ಒಂದೊಂದೇ ಶಬ್ದ, ನಿಧಾನಕ್ಕೆ, ಹಿಂದೆ ಪಾತ್ರೆ ಸಪ್ಪಳ. ನಮ್ಮ ಅಮ್ಮ ಮೀನು ಹೆಚ್ಚುತ್ತಾ ಕೂತಿದ್ಲು, ಫೋನು ಅವಳ ಕಿವಿ ಹತ್ರ ಹಿಡಿದೆ. ಮೊದಲನೇ ಶಬ್ದ ಕೇಳಿದ ಕೂಡ್ಲೇ ಕತ್ತಿ ಕೆಳಗಿಟ್ಟು ಗೋಡೆಯ ಮೊಳೆ ಕಡೆ ನೋಡಿ, ಅಲ್ಲೇ ತೂಗ್ತಾ ಇದೆಯಲ್ಲ, ಯಾರು ಕೇಳುದು ಅಂದ್ಲು.